ಮೇಷ್ಟ್ರು ನಮ್ಮಿಂದ ಕೇಳಿದ ಕೊನೆಯ ತೀರ್ಮಾನ

ಕಳೆದ ತಿಂಗಳು ನಮ್ಮ ಯಳಂದೂರಿನ ಕಚೇರಿಯಲ್ಲಿ ಹಳೆಯ ಸೈಕ್ಲೋಸ್ಟೈಲ್ ಯಂತ್ರವನ್ನು ಗುಜರಿಗೆ ಹಾಕಲು ಹೊರಗೆ ತಂದಿಟ್ಟಿದ್ದರು. ಅದರ ಮಸಿಯ ವಾಸನೆ ಮೂಗಿಗೆ ಬಡಿದದ್ದೇ, ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಮಗೆ ಸಮಾಜ ಪಾಠ ಮಾಡುತ್ತಿದ್ದ ಮೇಷ್ಟ್ರ ಚೀಟಿಗಳಿಗೆ ಇದೇ ವಾಸನೆಯಿತ್ತು...

ಹನೂರಿನ ಕಡೆಯ ನಮ್ಮೂರ ಹೈಸ್ಕೂಲಿಗೆ ಅವರು ಕಾಮಗೆರೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಪ್ರತಿ ಶನಿವಾರ ಐದೈದು ಮಕ್ಕಳ ಗುಂಪಿಗೆ ಒಂದು ಚೀಟಿ. ಅದರಲ್ಲಿ ಹೆಸರಿಲ್ಲದ ಒಂದೂರಿನ ತಕರಾರು. ಗುಂಪು ಚರ್ಚಿಸಿ ತೀರ್ಮಾನ ಬರೆಯಬೇಕು. ಒಪ್ಪದವನು ಕೆಳಗೆ ಕಾರಣ ಬರೆದು ತನ್ನ ಹೆಸರು ಹಾಕಬೇಕು.

ಅದು ಪಂಚಾಯ್ತಿ ಚುನಾವಣೆಯ ವರ್ಷ. ನಮ್ಮೂರಲ್ಲಿ ಯಜಮಾನರು ಮಾರಮ್ಮನ ಗುಡಿಯ ಜಗಲಿಯಲ್ಲಿ ಕುಳಿತು ಮೆಂಬರನ್ನು ಗೊತ್ತುಮಾಡುತ್ತಿದ್ದರು. ಬೇರೆ ಯಾರೂ ಅರ್ಜಿ ಹಾಕುತ್ತಿರಲಿಲ್ಲ. ಆ ಶನಿವಾರದ ಚೀಟಿ: 'ಒಂದೂರಿನ ಹಿರಿಯರು ಒಬ್ಬನನ್ನು ಆರಿಸಿದ್ದಾರೆ. ಇನ್ನೊಬ್ಬನಿಗೂ ನಿಲ್ಲುವ ಆಸೆ. ನಿಲ್ಲಬಹುದೇ?' ನನ್ನ ಗುಂಪಿನ ನಾಲ್ವರು ಬೇಡ, ಊರು ಒಡೆಯುತ್ತದೆ ಎಂದರು. 'ನಿಲ್ಲಬಹುದು' ಎಂದು ಬರೆದು ಹೆಸರು ಹಾಕಿದವನು ಇಡೀ ತರಗತಿಗೆ ನಾನೊಬ್ಬನೇ.

ಮಂಗಳವಾರ ಊರ ಕೊನೆಮನೆಯ ಬಡಗಿ ಕೊಳ್ಳೇಗಾಲಕ್ಕೆ ಹೋಗಿ ಅರ್ಜಿ ಹಾಕಿಬಂದ. ಅವನ ಮಗಳು ನಮ್ಮ ತರಗತಿಯಲ್ಲಿದ್ದಳು.

ಬುಧವಾರ ಇಬ್ಬರು ಯಜಮಾನರು ತರಗತಿಯ ಬಾಗಿಲಲ್ಲಿ ನಿಂತರು.

"ಏನ್ಸಾ, ಮಕ್ಳ ಕೈಲೇ ಎಲೆಕ್ಷನ್ ಮಾಡುಸ್ಬುಟ್ರಲ್ಲಾ! ಆ ಚೀಟಿ ಕೊಡಿ. ಯಾವ್ ಮನೆ ಕೂಸು ಏನ್ ಬರ್ದದೆ ನೋಡ್ಬೇಕು."

"ನಾಳೆ ಹೇಳ್ತೀನಿ," ಎಂದರು ಮೇಷ್ಟ್ರು.

"ಆಗ್ಲಿ. ಕಾಮಗೆರೆ ರೋಡ್ನಲ್ಲಿ ಮರ ಜಾಸ್ತಿ ಸಾ. ನಿಧಾನ್ವಾಗಿ ಓಗಿ." ಇಬ್ಬರೂ ನಕ್ಕರು.

ಹೆಸರು ಸಿಕ್ಕರೆ ನಮ್ಮ ಮನೆಗೆ ಬಹಿಷ್ಕಾರ. ಆ ತಿಂಗಳೇ ಅಕ್ಕನ ಮದುವೆ. ಚಪ್ಪರಕ್ಕೆ ಒಂದು ಬಿದಿರ ಗಳ ಕೊಡುವವರೂ ಇರುತ್ತಿರಲಿಲ್ಲ.

ಮೇಷ್ಟ್ರು ಬಾಗಿಲು ಮುಚ್ಚಿ ಬೋರ್ಡಿನ ಮೇಲೆ ಬರೆದರು: 'ಒಬ್ಬ ಮೇಷ್ಟ್ರ ಹತ್ತಿರ ಮಕ್ಕಳ ಚೀಟಿಗಳಿವೆ. ಕೊಡಬೇಕೇ?' ಚರ್ಚಿಸಿ ಎಂದರು. ಬಡಗಿಯ ಮಗಳು ಎದ್ದಳು.

"ಕೊಡ್ದೆ ಓದ್ರೆ ನಿಮ್ಗೆ ಒಡೀತಾರೆ ಸಾ."

"ಅದನ್ನೂ ಯೋಚನೆ ಮಾಡಿ, ಆಮೇಲೆ ಕೈ ಎತ್ತಿ."

ಕೊಡಬಾರದು ಎಂದು ಮೊದಲು ಎದ್ದ ಕೈ ನನ್ನದು. ಮಿಕ್ಕವರವು ಒಂದೊಂದಾಗಿ ಎದ್ದವು. ಅವಳು ಮಾತ್ರ ಎತ್ತಲಿಲ್ಲ. ಅವಳ ಕಾರಣವನ್ನು ಬರೆಸಿಕೊಂಡು ಮೇಷ್ಟ್ರು ಜೇಬಿಗಿಟ್ಟುಕೊಂಡರು. ಚೀಟಿಗಳನ್ನು ನಮ್ಮೆದುರೇ ಅಂಗಳದಲ್ಲಿ ಸುಟ್ಟರು. ನಾವು ಮಕ್ಕಳು, ನಮ್ಮ ತೀರ್ಮಾನಕ್ಕೆ ಅವರು ತಲೆಬಾಗಬೇಕಿರಲಿಲ್ಲ. ಬಾಗಿದರು.

ಗುರುವಾರ ಬಂದ ಯಜಮಾನರಿಗೆ ಬೂದಿ ತೋರಿಸಿದರು. ಶುಕ್ರವಾರ ಮೇಷ್ಟ್ರು ಶಾಲೆಗೆ ಬರಲಿಲ್ಲ. ಕಾಮಗೆರೆಗೆ ಮುಂಚೆ ಒಂದು ಹುಣಸೆಮರಕ್ಕೆ ಅವರ ಸೈಕಲ್ಲನ್ನು ಯಾರೋ ನೀಟಾಗಿ ಒರಗಿಸಿ ನಿಲ್ಲಿಸಿದ್ದರು. ಕ್ಯಾರಿಯರಿನಲ್ಲಿ ಊಟದ ಡಬ್ಬಿ ಹಾಗೇ ಇತ್ತು. ಆಸ್ಪತ್ರೆಯಲ್ಲಿದ್ದಾರೆ ಎಂದರು ಜನ, ಆಮೇಲೆ ವರ್ಗವಾಯಿತು ಎಂದರು... ಬಡಗಿ ಅರ್ಜಿ ವಾಪಸು ಪಡೆದ. ಅಕ್ಕನ ಮದುವೆಗೆ ಇಡೀ ಊರು ಬಂದು ಉಂಡಿತು. ನಾನು ಆಸ್ಪತ್ರೆಗೆ ಹೋಗಲಿಲ್ಲ.

ಮೆಟ್ಟಿಲ ಮೇಲೆ ಕುಳಿತವನನ್ನು ನಮ್ಮ ಹಳೆಯ ಜವಾನ ಏನಾಯಿತೆಂದು ಕೇಳಿದ. ಹೇಳಿದೆ. ಅವನಿಗೆ ಮೇಷ್ಟ್ರ ಗುರುತಿತ್ತು. "ಒಂದ್ ಕಣ್ಣು ಕಾಣ್ತಿರ್ನಿಲ್ಲ ಪಾಪ. ಓದ್ ವರ್ಷ ತೀರ್ಕಂಡ್ರು ಸಾ. ನಮ್ ಬಸ್‌ಸ್ಟ್ಯಾಂಡ್ ಇಂದ್ಗಡೆ ಬೀದೀಲೇ ಇದ್ರಲ್ಲಾ."

ನಾನು ಒಂಬತ್ತು ವರ್ಷಗಳಿಂದ ದಿನವೂ ಆ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದೇನೆ. ಅಂದು ಕೈ ಎತ್ತುವಾಗ ನಾನು ಯೋಚಿಸಿದ್ದು ನಮ್ಮ ಮನೆಯ ಬಗ್ಗೆ ಮಾತ್ರ ಎಂದು ಮೇಷ್ಟ್ರಿಗೆ ಹೇಳಬೇಕಿತ್ತು.