ಕ್ಯಾಮೆರಾಕ್ಕೊಂದು ಕುಂಚಿಗೆ

ಮೊನ್ನೆ ನೆರೆಮನೆಯವರು ಮೆಣಸಿನಕಾಯಿ ಹುರಿಯುತ್ತಿದ್ದರು. ಘಾಟು ನಮ್ಮ ಕಿಟಕಿಯೊಳಗೆ ಬಂದದ್ದೇ ತಡ, ನಾನು ಏಳೆಂಟು ಸಲ ಸೀನಿದೆ. ಸೀನುತ್ತಲೇ ಮೇಜಿನ ಮೇಲಿದ್ದ ಮೊಮ್ಮಗಳ ಹೊಸ ಕ್ಯಾಮೆರಾದ ಕಣ್ಣಿಗೆ ಅಂಗೈ ಅಡ್ಡ ಹಿಡಿದೆ. ಅವಳು ನಕ್ಕಳು. ಮುಚ್ಚಳ, ಮುಂದೆ ಕೂರಿಸುವ ಗಾಜು, ಬಿಸಿಲಿಗೆ ನೆರಳಾಗುವ ಕೊಳವೆ, ಎಲ್ಲ ಕೊಳ್ಳಬೇಕು ಎಂದು ಅಂಗಡಿಯವನು ಹೇಳಿದ್ದನಂತೆ. ಇವೆಲ್ಲ ನಿಜವಾಗಿ ಬೇಕೇ ಎಂದು ಕೇಳಿದಳು. ಬೇಕು ಎಂದೆ. ಇಷ್ಟು ಗಟ್ಟಿಯಾಗಿ ನಾನು ಉತ್ತರ ಕೊಡಬಲ್ಲ ವಿಷಯಗಳು ಈ ವಯಸ್ಸಿನಲ್ಲಿ ಹೆಚ್ಚೇನೂ ಉಳಿದಿಲ್ಲ. ಆದ್ದರಿಂದ ನೀವೂ ಸ್ವಲ್ಪ ಕೂತು ಕೇಳಿ.

ಯುದ್ಧದ ವರ್ಷಗಳು. ನಾನು ಹಾವೇರಿಯ ಶಾಲೆಯಲ್ಲಿ ಮಾಸ್ತರ. ಅಣ್ಣನ ಮನೆಯಲ್ಲೇ ವಾಸ. ಮುಂಬಯಿಯ ಕಾಕಾ ಒಂದು ಡಬ್ಬಿ ಕ್ಯಾಮೆರಾ ತಂದುಕೊಟ್ಟಿದ್ದರು. ಅದನ್ನು ಹೆಗಲಿಗೆ ನೇತುಹಾಕಿಕೊಂಡು ಕಾಯಿಪಲ್ಯ ತರಲೂ ಹೋಗುತ್ತಿದ್ದೆ. ಒಳಗೆ ಫಿಲ್ಮ್ ಇಲ್ಲದ ದಿನಗಳೇ ಹೆಚ್ಚು, ಆದರೆ ಅದು ಊರಿಗೆ ಗೊತ್ತಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಇದನ್ನು ಕೆಲವು ದಿನ ನೋಡಿದರು. ಒಂದು ಮಧ್ಯಾಹ್ನ ಹಳೆಯ ಖಣದ ತುಂಡುಗಳನ್ನು ಜೋಡಿಸಿ, ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು, ಹಸುಗೂಸಿನ ತಲೆಗೆ ಕಟ್ಟುವಂಥದೇ ಒಂದು ಪುಟ್ಟ ಕುಂಚಿಗೆಯನ್ನು ಕ್ಯಾಮೆರಾದ ಕಣ್ಣಿಗೆ ಹೊಲಿದುಕೊಟ್ಟರು.

"ಕೂಸಿನ ಕಣ್ಣಾಗ ಧೂಳು ಬಿದ್ದರ ಅಳತದ. ಇದಕ್ಕ ಬಾಯಿಲ್ಲ. ಕಟ್ಟು," ಎಂದರು.

"ಮಂದಿ ನಗತಾರ, ವೈನಿ."

"ನಗಲಿ. ನಗೋ ಮಂದಿ ಫೋಟೋದಾಗ ಛಲೋ ಕಾಣ್ತಾರ."

ನಾನು ಅದನ್ನು ಮಡಚಿ ಕೋಟಿನ ಜೇಬಿಗೆ ಹಾಕಿದೆ. ಅದು ಅಲ್ಲೇ ಉಳಿಯಿತು.

ಆಗ ಬಸಪ್ಪನ ಪತ್ರ ಬಂತು. ಅವನು ನಮ್ಮ ಶಾಲೆಯಲ್ಲಿ ಓದಿ, ಪಲ್ಟಣಿಗೆ ಸೇರಿ, ಬರ್ಮಾದ ಕಡೆ ಎಲ್ಲೋ ಇದ್ದ. ಅವನ ತಾಯಿ ಫಕ್ಕೀರವ್ವ ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡುತ್ತಿದ್ದಳು. "ಸರ, ಮೂರು ವರ್ಷ ಆತು. ಒಮ್ಮೊಮ್ಮೆ ಅವ್ವನ ಮುಖ ನೆನಪಿಗೆ ಬರವಲ್ದು. ಅಂಜಿಕಿ ಆಗತೈತಿ. ಆಕೀದು ಒಂದು ಫೋಟೋ ಕಳಿಸ್ರಿ" ಎಂದು ಬರೆದಿದ್ದ.

ಮುಂದಿನ ಪೇಟೆಯ ದಿನವೇ ರೈಲು ಹತ್ತಿ ಬ್ಯಾಡಗಿಗೆ ಹೋದೆ. ಎದ್ದು ಬಾ ಎಂದರೆ ಫಕ್ಕೀರವ್ವ ಒಪ್ಪಲಿಲ್ಲ. "ಇಲ್ಲೇ ತಗೀರಿ. ಮಗಾ ನನ್ನ ಕಾಯಿ ರಾಶಿ ಮುಂದನ ನೋಡ್ಯಾನ," ಎಂದಳು. ಸುತ್ತ ಚೀಲಗಳನ್ನು ಸುರಿಯುತ್ತಿದ್ದರು. ಬಿಸಿಲಿನಲ್ಲಿ ಕೆಂಪು ಧೂಳು ತೇಲುತ್ತಿತ್ತು. ನಾನು ಸೀನಿದೆ, ಕಣ್ಣೊರೆಸಿಕೊಂಡೆ. ನೋಡಿದರೆ ಕ್ಯಾಮೆರಾದ ಗಾಜಿನ ಮೇಲೂ ಅದೇ ಧೂಳು. ಧೋತರದ ಚುಂಗಿನಿಂದ ಅದನ್ನು ಗಸಗಸ ತಿಕ್ಕಿ, ಮೂರು ಫೋಟೋ ತೆಗೆದು, ಗೆದ್ದವನಂತೆ ಹಾಗೇ ರಾಣೆಬೆನ್ನೂರಿಗೆ ಹೋದೆ. ಅಲ್ಲಿ ನಿಂಗಪ್ಪನವರು ಎಂಬ ಹಿರಿಯರ ಸ್ಟುಡಿಯೋ ಇತ್ತು. ನನ್ನ ಫಿಲ್ಮ್ ತೊಳೆದುಕೊಡುತ್ತಿದ್ದವರು ಅವರೇ.

"ಮಾಸ್ತರ, ಇದನ್ನ ಹೊಗಿಯೊಳಗ ತಗದೀರೇನು?" ಎಂದು ಅವರು ಕೇಳಿದರು. ಮೂರರಲ್ಲೂ ಮುಖವಿರಬೇಕಾದಲ್ಲಿ ಬರೀ ಬಿಳಿ ಮಬ್ಬು. ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಧೂಳು ಊದಬೇಕಿತ್ತು, ನೀವು ತಿಕ್ಕೀರಿ. ಗೀರು ಬಿದ್ದಾವ. ಇನ್ನ ಇವು ಹೋಗಂಗಿಲ್ಲ."

ಬೆವರು ಒರೆಸಿಕೊಳ್ಳಲು ಕರವಸ್ತ್ರ ತೆಗೆದೆ. ಜೊತೆಗೆ ಕುಂಚಿಗೆಯೂ ಹೊರಬಿತ್ತು. ಅದೇನೆಂದು ಹೇಳಲೇಬೇಕಾಯಿತು. ಅವರು ನಗಲಿಲ್ಲ. ಒಳಗಿನ ಹೊಲಿಗೆಯನ್ನು ತಿರುವಿ ನೋಡಿ, "ನಿಮ್ಮ ವೈನಿಯವರ ಮಾತು ಕೇಳಿದ್ರ ಇಷ್ಟು ಆಗತಿರಲಿಲ್ಲ," ಎಂದರು. ಆಮೇಲೆ ಕಪ್ಪು ಕಾಗದವನ್ನು ಸುತ್ತಿ, ಒಂದು ಗಿಡ್ಡ ಕೊಳವೆ ಮಾಡಿ ಕಣ್ಣಿನ ಮುಂದೆ ಅಂಟಿಸಿದರು. "ಗೀರಿಗೆ ಬಿಸಲು ತಾಗಿದ್ರ ಮಬ್ಬು ಏಳತೈತಿ. ನೆರಳು ಕೊಡ್ರಿ, ಬಿಸಲಿಗೆ ಬೆನ್ನು ಮಾಡಿ ನಿಂದರ್ರಿ." ಫಿಲ್ಮ್ ಸಿಗುವುದೇ ಕಷ್ಟವಾಗಿದ್ದ ಕಾಲ, ತಮಗೆಂದು ಇಟ್ಟುಕೊಂಡಿದ್ದ ಸುರುಳಿಯನ್ನೇ ನನ್ನ ಕೈಗಿಟ್ಟರು.

ಫಕ್ಕೀರವ್ವನಿಗೆ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ತೊಟ್ಟು ಬಿಡಿಸುವ ಅವಳ ಕೈ ನಿಂತಿತು. "ನನ್ನ ಮುಖಾ ಬೀಳಲಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಅದನ್ನು ಅವಳು ಕೆಟ್ಟ ಶಕುನವೆಂದು ತಿಳಿದಳು ಎಂಬುದು ಅವಳ ದನಿಯಲ್ಲೇ ಗೊತ್ತಾಯಿತು.

"ತಪ್ಪು ನಂದು, ಯವ್ವಾ. ಗಾಜು ನಾನ ಕೆಡಿಸೇನಿ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನ ಧೂಳು ಕೊಡವಿ ನೆಟ್ಟಗೆ ಕೂತಳು. "ಹಂಗಾರ ಇನ್ನೊಮ್ಮೆ ತಗೀರಿ. ಈ ಸಲ ಸೀನಬ್ಯಾಡ್ರಿ."

ಚೀಲದಿಂದ ಕ್ಯಾಮೆರಾ ತೆಗೆದಾಗ ಅದರ ಕಣ್ಣಿಗೆ ಕುಂಚಿಗೆ ಕಟ್ಟಿತ್ತು. ಸುತ್ತಲಿನ ಹೆಂಗಸರೆಲ್ಲ ನಕ್ಕರು, ಫಕ್ಕೀರವ್ವನೂ ನಕ್ಕಳು. ಆ ನಗು ಮುಗಿಯುವುದರೊಳಗೆ ಕುಂಚಿಗೆ ಎಳೆದು ಕೀಲು ಒತ್ತಿದೆ.

ಈ ಸಲ ಫೋಟೋ ಸ್ವಚ್ಛವಾಗಿ ಬಂತು. ಕೆಲವು ತಿಂಗಳ ನಂತರ ಬಸಪ್ಪನ ಉತ್ತರ: "ಅವ್ವ ಇಷ್ಟು ನಕ್ಕದ್ದು ನಾ ಊರಾಗಿದ್ದಾಗೂ ಕಂಡಿಲ್ರಿ." ಯುದ್ಧ ಮುಗಿದು ಅವನು ಊರಿಗೆ ಬಂದಾಗ ಫೋಟೋ ಅವನ ಅಂಗಿಯ ಜೇಬಿನಲ್ಲೇ ಇತ್ತು, ಅಂಚು ಸವೆದು ದುಂಡಗಾಗಿತ್ತು.

ಒಂದು ಮಾತು ಮುಚ್ಚಿಡಬಾರದು. ಮುಂದೆ ನಮ್ಮ ಹೆಡ್‌ಮಾಸ್ತರರ ಬೀಳ್ಕೊಡುಗೆಯ ದಿನ ನಾನು ಕುಂಚಿಗೆ ಬಿಚ್ಚದೆಯೇ ಇಡೀ ಶಾಲೆಯ ಗುಂಪುಚಿತ್ರ ತೆಗೆದೆ. ತೊಳೆದು ನೋಡಿದರೆ ಯಾರೂ ಇರಲಿಲ್ಲ. ಆದರೂ ನನ್ನ ಉತ್ತರ ಬದಲಾಗುವುದಿಲ್ಲ. ಮರೆವಿನಿಂದ ಹೋದದ್ದು ಒಂದು ಚಿತ್ರ. ಗೀರು ಮಾತ್ರ ಆ ಕ್ಯಾಮೆರಾ ಇರುವ ತನಕ ಇತ್ತು. ಅಂದು ಮುಂದೊಂದು ಬೇರೆ ಗಾಜು ಇದ್ದಿದ್ದರೆ, ಅದನ್ನೇ ಕೆಡಿಸಿ ಎಸೆಯಬಹುದಿತ್ತು.

ನಿನ್ನೆ ಬಸಪ್ಪನ ಮಗಳು ಬ್ಯಾಡಗಿಯಿಂದ ಬಂದಿದ್ದಳು. ಅವಳು ಹುಟ್ಟುವ ಮೊದಲೇ ಫಕ್ಕೀರವ್ವ ತೀರಿಕೊಂಡಿದ್ದಳು. ಮನೆಯ ಫೋಟೋ ಮಾಸಿಹೋಗಿದೆ, ನಿಮ್ಮಲ್ಲಿ ಇನ್ನೊಂದು ಪ್ರತಿ ಇದೆಯೇ ಎಂದು ಕೇಳಿದಳು. ಪೆಟ್ಟಿಗೆಯಿಂದ ತೆಗೆದುಕೊಟ್ಟೆ. ಬಹಳ ಹೊತ್ತು ನೋಡಿದಳು. ಆಮೇಲೆ, "ಸರ, ಕನ್ನಡಿ ಎಲ್ಲೈತ್ರಿ?" ಎಂದಳು. ತೋರಿಸಿದೆ. ಫೋಟೋವನ್ನು ಕೆನ್ನೆಯ ಪಕ್ಕ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಳು, ಅಜ್ಜಿಯಂತೆಯೇ ಬಾಯಿ ತೆರೆದು ನಕ್ಕು ನೋಡಿದಳು. ಎಡಗೆನ್ನೆಯ ಅದೇ ಗುಳಿ ಇಬ್ಬರಲ್ಲೂ ಇತ್ತು.