ಸಪ್ಪೆ ಅನ್ನಕ್ಕೆ ಬಂದ ಕಾಗೆ

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ನಮ್ಮ ಮನೆಯಲ್ಲಿ ಅಕ್ಕ ಆಗ ಹತ್ತನೇ ಕ್ಲಾಸು. ಉಪ್ಪುಕಾರ ಸವರಿದ ಮಾವಿನಕಾಯಿ, ಅಂಗಡಿಯ ಚಿಪ್ಸು, ಉಪ್ಪಿನಕಾಯಿಯ ರಸ ಅಂದರೆ ಅವಳಿಗೆ ಪ್ರಾಣ. ಒಂದು ಬೆಳಿಗ್ಗೆ ಎದ್ದಾಗ ಮುಖ ಊದಿ ಕಣ್ಣು ಗೆರೆಯಾಗಿತ್ತು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಕಿಡ್ನಿ ಸೋತಿದೆ ಎಂದರು. ಸೋಡಿಯಂ ಮೈಯಲ್ಲಿ ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ತಪ್ಪುತ್ತದೆ. ಊಟಕ್ಕೆ ಉಪ್ಪು ಹಾಕಬೇಡಿ, ಬಾಳೆಹಣ್ಣು, ಎಳನೀರು ಕೊಡಬೇಡಿ. ಹಿತ್ತಲಿನ ರಸಬಾಳೆ ಗೊನೆಯನ್ನು ಅಪ್ಪ ಅವತ್ತೇ ಕಡಿದು ಯಾರಿಗೋ ಕೊಟ್ಟುಬಿಟ್ಟರು.

ಮಧ್ಯಾಹ್ನ ಅವ್ವ ಅಕ್ಕನಿಗೆ ಸಪ್ಪೆ ಅನ್ನ ಬಡಿಸಿದಳು. ನೋಡಿದ ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಹುಟ್ಟಿ ಬೆಳೆದ ತಿ. ನರಸೀಪುರದ ಕಡೆ, ಅವಳ ಮನೆಯಲ್ಲಿ ಉಪ್ಪಿಲ್ಲದ ಅನ್ನ ಇಡುತ್ತಿದ್ದುದು ಸತ್ತವರಿಗೆ. ಆ ಎಡೆಯನ್ನು ಕಾಗೆ ಮುಟ್ಟಬೇಕು.

"ಬದುಕಿರೋ ಮಗೀಗೆ ಸಪ್ಪೆ ಎಡೆ ಇಕ್ತೀಯಲ್ಲವ್ವ!"

"ಡಾಕ್ಟ್ರು ಏಳವ್ರೆ ಕಣತ್ತೆ."

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಕಾಗೆಯೊಂದು ಬಂದು ಕೂತಿತು. ಕೂಗಲಿಲ್ಲ. ಕತ್ತು ವಾರೆ ಮಾಡಿ ಅಕ್ಕನ ತಟ್ಟೆಯನ್ನೇ ನೋಡುತ್ತಿತ್ತು. ಮರುದಿನವೂ ಬಂತು, ಊಟದ ಹೊತ್ತಿಗೇ.

"ಇದ್ಕೂ ಕಿಡ್ನಿ ಕೆಟ್ಟದಾ ಅಜ್ಜಿ? ಪಥ್ಯಕ್ಕೆ ಬತ್ತದೆ" ಅಂತ ಅಕ್ಕ ನಕ್ಕಳು. ಅಜ್ಜಿ ನಗಲಿಲ್ಲ.

ಪಥ್ಯ ಬಿಗಿ ಮಾಡಿದರೂ ಊತ ಇಳಿಯಲಿಲ್ಲ. ಕಾಲನ್ನು ಬೆರಳಿಂದ ಒತ್ತಿದರೆ ಬಿದ್ದ ಗುಳಿ ಹಾಗೇ ಉಳಿಯುತ್ತಿತ್ತು. ಹೀಗೇ ಆದರೆ ಹುಡುಗಿಯನ್ನು ಉಳಿಸಿಕೊಳ್ಳುವುದು ಕಷ್ಟ ಎಂದರು ಡಾಕ್ಟರು. ಅವ್ವ ಉಪ್ಪಿನ ಜಾಡಿಯನ್ನೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಆದರೂ ಊತ. ಕಾಗೆ ಗೋಡೆ ಬಿಟ್ಟು ಕಿಟಕಿಗೆ ಬಂತು.

ಕೊನೆಗೊಂದು ಮಧ್ಯಾಹ್ನ, ಅಕ್ಕನಿಗೆ ಅನ್ನ ಕಲಸಿಕೊಡುತ್ತಿದ್ದ ಅಜ್ಜಿಯ ಕೈಯನ್ನು ಅವ್ವ ಗಪ್ಪನೆ ಹಿಡಿದಳು. ಸೆರಗಿನ ಗಂಟಿನಲ್ಲಿ ಕಲ್ಲುಪ್ಪು.

"ಅಯ್ಯೋ ಅತ್ತೆ! ಅವಳ್ನ ಸಾಯಿಸ್ತಿರೋದೇ ಇದು!"

"ನಾಕು ಕಲ್ಲು ಕಣವ್ವ... ಸತ್ತೋರ ಲೆಕ್ಕಕ್ಕೆ ಸೇರ್ದೇ ಇರ್ಲಿ ಅಂತ." ಕಿಟಕಿಯಲ್ಲಿ ಕಾಗೆ ಕದಲಲಿಲ್ಲ.

ಮರುದಿನ ಅಜ್ಜಿ ಅಕ್ಕನಿಗೂ ಕಿಟಕಿಗೂ ನಡುವೆ ಕೂತಳು. ತನಗೂ ಸಪ್ಪೆ ಅನ್ನವನ್ನೇ ಹಾಕಿಸಿಕೊಂಡಳು. ಒಂದು ತುತ್ತು ನುಂಗಿ ಕಿಟಕಿಯತ್ತ ತಿರುಗಿದಳು.

"ಇಲ್ನೋಡು, ಇದೂ ಸಪ್ಪೆನೇ. ವಯಸ್ಸಾದೋಳು ನಾನಿವ್ನಿ. ಅವಳ್ನ ನೋಡ್ಬೇಡ."

ಅಕ್ಕನ ಊತ ನಿಧಾನವಾಗಿ ಇಳಿಯಿತು. ಮಳೆ ಶುರುವಾಗುವ ಹೊತ್ತಿಗೆ ಬ್ಯಾಗು ಹೆಗಲಿಗೇರಿಸಿ ಸ್ಕೂಲಿಗೆ ಹೊರಟಳು. ಡಾಕ್ಟರೇ ಅವಳಿಗೆ ಚಿಟಿಕೆ ಉಪ್ಪಿಗೆ ಒಪ್ಪಿದ ಮೇಲೂ ಅಜ್ಜಿ ಮಾತ್ರ ತನ್ನ ಅನ್ನಕ್ಕೆ ಉಪ್ಪು ಸೋಕಿಸಲಿಲ್ಲ. ಕಾಗೆ ದಿನವೂ ಬರುತ್ತಿತ್ತು. ಈಗ ಅದು ಕತ್ತು ವಾರೆ ಮಾಡಿ ನೋಡುತ್ತಿದ್ದುದು ಅಜ್ಜಿಯ ತಟ್ಟೆಯನ್ನು.