ಚಿಕ್ಕಗಂಗಮ್ಮ ಕೊಟ್ಟ ಒಂದು ಮಾರ್ಕು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ಮಾರ್ಕು ಕೊಟ್ಟವಳು ನಾನು. ಕೊಡುವುದರಲ್ಲಿ ಜಿಪುಣಿ ಎಂದು ಹೆಸರು ತೆಗೆದುಕೊಂಡಿದ್ದೇನೆ, ಆ ಬಗ್ಗೆ ಬೇಸರವೇನಿಲ್ಲ. ಹಾಗಾಗಿ ಆ ಭಾನುವಾರ, ಅತ್ತಿಗುಪ್ಪೆಯ ನಮ್ಮ ಎದುರು ಮನೆಯ ನಡುಮನೆಯಲ್ಲಿ ಕುಳಿತಿದ್ದ ಹಿರಿಯರೆಲ್ಲ ಮೂರು ತಟ್ಟೆಯ ಮಟನ್ನಿಗೂ ಒಂಬತ್ತಕ್ಕೆ ಒಂಬತ್ತು ಕೊಟ್ಟಾಗ ನನಗೆ ಮೈಯೆಲ್ಲ ಉರಿಯಿತು. ನಾನು ಮಟನ್ ತಿನ್ನುವವಳಲ್ಲ. ಕಣ್ಣು ಮಂಜಾದವರ ಮಾರ್ಕು ಕೇಳಿ ಬರೆದುಕೊಡಿ ಎಂದು ರಕ್ಷಾ ನನ್ನನ್ನು ಕರೆದಿದ್ದಳು.

"ಎರಡನೇದಕ್ಕೂ ಒಂಬತ್ತು ಬರ್ಕೊಳಿ ಟೀಚರ್," ಎಂದರು ಮೂಲೆಮನೆಯ ಗೂಳಪ್ಪ. ಎರಡನೇ ತಟ್ಟೆ ಇನ್ನೂ ಅವರ ಮುಂದೆ ಬಂದೇ ಇರಲಿಲ್ಲ.

ರಕ್ಷಾ ಆ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ರೇವಣಸಿದ್ದಪ್ಪನವರ ಮಗಳು. ರಾಣೆಬೆನ್ನೂರಿನ ಕಡೆಯ ಲಿಂಗಾಯತರು, ಮೊಟ್ಟೆ ಹಾಕಿದ ಕೇಕನ್ನು ಕೂಡ ಹೊಸಿಲು ದಾಟಿಸದ ಮನೆ. ಮಗಳು ದನದ ಡಾಕ್ಟರಾದಾಗ ಬೀದಿಗೆಲ್ಲ ಪೇಡ ಹಂಚಿದರು. ಮುಂದಿನ ಓದಿಗೆ 'ಪಶು ಉತ್ಪನ್ನ' ಎಂಬ ವಿಭಾಗ ಸಿಕ್ಕಿತೆಂದಾಗ ರೇವಣಸಿದ್ದಪ್ಪನವರು ಹಾಲು, ತುಪ್ಪ, ಖೋವಾ ಎಂದುಕೊಂಡರು. ಅವರನ್ನು ತಿದ್ದುವ ಧೈರ್ಯ ಹುಡುಗಿಗೆ ಬರುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಈಗ ಅವಳು ಪಿಎಚ್‌ಡಿ ಮಾಡುತ್ತಿರುವುದು ಕುರಿ ಮಾಂಸದ ಮೇಲೆ. ಕೊರಳಲ್ಲಿ ಲಿಂಗದ ಕರಡಿಗೆ, ಕೈಯಲ್ಲಿ ರಬ್ಬರ್ ಗ್ಲೌಸು. ಬೀದಿಯ ಹುಡುಗರು 'ಮಟನ್ ಡಾಕ್ಟ್ರು' ಎನ್ನುತ್ತಾರೆ, ಅವಳು ನಕ್ಕು ಮುಂದೆ ಹೋಗುತ್ತಾಳೆ.

ಈ ವಿಷಯ ಅವಳಿಗೆ ಸಿಕ್ಕಿದ್ದು ಕಾಲೇಜಿನಲ್ಲಲ್ಲ, ಮನೆಯ ಮೆಟ್ಟಿಲ ಮೇಲೆ. ಒಂದು ಯುಗಾದಿಯ ಮರುದಿನ, ವರ್ಷತೊಡಕಿನ ಮಧ್ಯಾಹ್ನ. ನಮ್ಮ ಕಡೆ ಬೆಳಗಾಗುವ ಮೊದಲೇ ಮಟನ್ ಅಂಗಡಿಯ ಮುಂದೆ ಕ್ಯೂ ನಿಲ್ಲುವ ದಿನ ಅದು. ಕೆಳಗಿನ ಮನೆಯ ಯಜಮಾನಿ ಚಿಕ್ಕಗಂಗಮ್ಮ ಬಾಗಿಲ ಬಳಿ ಊಟಕ್ಕೆ ಕುಳಿತಿದ್ದರು. ಎಪ್ಪತ್ತು ದಾಟಿದ ಜೀವ, ಹೊಸದಾಗಿ ಹಲ್ಲುಸೆಟ್ಟು ಹಾಕಿಸಿಕೊಂಡಿದ್ದರು. ತಟ್ಟೆಗೆ ಬಿದ್ದ ತುಂಡುಗಳನ್ನೆಲ್ಲ ಸೊಸೆ ಶಶಿಕಲಾಳ ತಟ್ಟೆಗೆ ದಾಟಿಸಿ, ಬರೀ ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು. "ಬಾಡು ಅಗಿಯಕ್ಕಾಗ್ದಿದ್ಮೇಲೆ ವರ್ಷತೊಡಕು ಯಾಕಾದ್ರೂ ಬತ್ತದೋ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡರಂತೆ. ಮೆಟ್ಟಿಲಿಳಿಯುತ್ತಿದ್ದ ರಕ್ಷಾಳ ಕಿವಿಗೆ ಅದು ಬಿತ್ತು, ಬಿದ್ದದ್ದು ಹೋಗಲಿಲ್ಲ.

ವಯಸ್ಸಾದ ಕುರಿಯ ಮಾಂಸ ಅಗ್ಗ, ಆದರೆ ನಾರು ನಾರು. ಅದನ್ನು ಶುಂಠಿ ರಸದಲ್ಲಿ ನೆನೆಸಿ, ಫ್ರಿಜ್ಜಿನಲ್ಲಿಟ್ಟು, ಹದವಾಗಿ ಬೇಯಿಸಿದರೆ ಕಟ್ಟಿಸಿಕೊಂಡ ಹಲ್ಲಿಗೂ ಸಿಗುವಷ್ಟು ಮೆತ್ತಗಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ಕಾಲೇಜಿನಲ್ಲಿ ಒಂದು ಮಷಿನ್ ಇದೆ. ತುಂಡನ್ನು ಬ್ಲೇಡಿನಿಂದ ಒತ್ತಿ, ಕತ್ತರಿಸಲು ಎಷ್ಟು ಬಲ ಬೇಕಾಯಿತೆಂದು ಹೇಳುತ್ತದೆ. ಏನೂ ನೆನೆಸದ್ದು, ಮೊಸರಿನಲ್ಲಿ ನೆನೆಸಿದ್ದು, ಶುಂಠಿಯದು, ಈ ಮೂರರಲ್ಲಿ ಶುಂಠಿಯದೇ ಎಲ್ಲಕ್ಕಿಂತ ಮೆತ್ತಗೆ ಎಂದು ಅದು ಹೇಳಿತ್ತು. ಆದರೆ ಮಷಿನ್ನಿಗೆ ಹಲ್ಲುಸೆಟ್ಟು ಇಲ್ಲ, ನಾಲಿಗೆಯೂ ಇಲ್ಲ. ರಕ್ಷಾ ತಾನೇ ತಿಂದು ನೋಡುವವಳಲ್ಲ. ಆದ್ದರಿಂದ ತಿನ್ನುವವರು ಬೇಕು, ಅವರು ಒಂದರಿಂದ ಒಂಬತ್ತರೊಳಗೆ ಮಾರ್ಕು ಕೊಡಬೇಕು. ಮಹಡಿಯ ಅಡುಗೆಮನೆಯಲ್ಲಿ ಮಾಂಸ ಬೇಯಿಸುವ ಮಾತೇ ಇಲ್ಲ. ಶಶಿಕಲಾ ತನ್ನ ಒಲೆ ಬಿಟ್ಟುಕೊಟ್ಟಳು. ರಕ್ಷಾಳ ತಾಯಿ ನೀಲಮ್ಮ ಶುಂಠಿಯನ್ನು ಮಾತ್ರ ಮೇಲೆಯೇ ರುಬ್ಬಿ, ಬಿಳಿ ಬಟ್ಟೆಯಲ್ಲಿ ಹಿಂಡಿ, ಬಾಟಲಿಗೆ ತುಂಬಿ ಕೊಡುತ್ತಿದ್ದರು. ಅದು ಯಾವುದಕ್ಕೆ ಎಂದು ಕೇಳುತ್ತಿರಲಿಲ್ಲ.

ಅಷ್ಟೆಲ್ಲ ಮಾಡಿದ ಮೇಲೆ ಸಿಕ್ಕಿದ್ದು ಸಾಲು ಸಾಲು ಒಂಬತ್ತು. ಏನೂ ನೆನೆಸದ, ಚಪ್ಪಲಿಯಂತಿದ್ದ ತುಂಡಿಗೂ ಒಂಬತ್ತು. ಚಿಕ್ಕಗಂಗಮ್ಮ ಅದನ್ನು ಬಾಯಲ್ಲಿ ಆಚೀಚೆ ಹೊರಳಿಸಿ ಸೆರಗಿನ ಮರೆಯಲ್ಲಿ ತೆಗೆದದ್ದನ್ನು ನಾನೇ ಕಂಡೆ. "ಏನ್ ಚೆನ್ನಾಗದೆ ಮಗ, ಬೆಣ್ಣೆ!" ಎಂದರು.

ಅವಳ ಗೈಡ್ ಮಾಲವಿಕಾ ಮೇಡಂ ಮಾರ್ಕುಗಳನ್ನು ನೋಡಿ ಕನ್ನಡಕ ತೆಗೆದಿಟ್ಟರಂತೆ. "ಇದು ರಿಸರ್ಚ್ ಅಲ್ಲಮ್ಮ, ನಿಮ್ಮ ಬೀದಿಯವರ ಪ್ರೀತಿ. ಇನ್ನೊಂದು ಸಲ ಮಾಡಿ ನೋಡು. ಆಗಲೂ ಹೀಗೇ ಬಂದ್ರೆ ವಯಸ್ಸಾದವರ ಭಾಗ ಕೈಬಿಡೋಣ. ಮಷಿನ್ ನಂಬರ್ ಇಟ್ಕೊಂಡು ಥೀಸಿಸ್ ಮುಗಿಸು." ಕೈಬಿಟ್ಟರೂ ಡಿಗ್ರಿ ಸಿಗುತ್ತಿತ್ತು. ಆದರೆ ಚಿಕ್ಕಗಂಗಮ್ಮನನ್ನು ಬಿಟ್ಟು ಮುಗಿಯುವ ಥೀಸಿಸ್ ಅವಳಿಗೆ ಬೇಡವಾಗಿತ್ತು. ಅದನ್ನು ಅವಳೇ ನನ್ನ ಮುಂದೆ ಹೇಳಿದಳು.

ನಾಲ್ಕಾರು ದಿನದ ನಂತರ ಒಂದು ಸಂಜೆ ನಾನು ಕೆಳಗಿನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಮಟನ್ ತಿನ್ನದಿದ್ದರೂ ಶಶಿಕಲಾಳ ಕಾಫಿ ಬಿಟ್ಟವಳಲ್ಲ ನಾನು. ರಕ್ಷಾ ಮರೆತುಹೋದ ಥರ್ಮಾಮೀಟರ್ ಹುಡುಕಿಕೊಂಡು ಬಂದಳು, ಕೈಯಲ್ಲಿ ಎಂದಿನಂತೆ ಸ್ಟೀಲಿನ ನೀರಿನ ಬಾಟಲ್. ಅಷ್ಟರಲ್ಲಿ ಒಳಗಿಂದ ಚಿಕ್ಕಗಂಗಮ್ಮನ ಗಂಟಲು ಕೇಳಿತು.

"ಏನೇ ಶಶಿ, ಉಪ್ಪಿನ ಡಬ್ಬನೇ ಬಗ್ಗಿಸ್ಬುಟ್ಯಾ? ಈ ಸಾರು ಬಾಯಿಗಿಡಂಗದಾ?"

ಶಶಿಕಲಾ ಕಿವಿಗೇ ಹಾಕಿಕೊಳ್ಳಲಿಲ್ಲ. ರಕ್ಷಾ ಮಾತ್ರ ಇದ್ದಲ್ಲೇ ನಿಂತಳು.

"ಅಜ್ಜಿ, ಶಶಿ ಆಂಟಿ ಸಾರಿಗೆ ಎಷ್ಟು ಮಾರ್ಕು ಕೊಡ್ತೀರ?"

"ಇದ್ಕಾ? ಎರಡು ಕೊಟ್ರೆ ಹೆಚ್ಚು."

"ನನಗೆ ಮಾತ್ರ ಎಲ್ಲದಕ್ಕೂ ಒಂಬತ್ತು ಕೊಟ್ರಲ್ಲ?"

"ನೀನು ಬಂದೋಳು ಕಣ್ ಮಗ. ಮನೆಗೆ ಬಂದೋರ್ಗೆ ಹಂಗೆಲ್ಲ ಅನ್ನಕ್ಕಾಯ್ತದಾ?"

"ಬಂದೋಳಾ? ಚಿಕ್ಕೋಳಿದ್ದಾಗಿಂದ ಇದೇ ಮನೇಲಿ ಇದೀನಿ!"

"ಇದೀಯ, ಯಾರು ಇಲ್ಲ ಅಂದೋರು?" ಚಿಕ್ಕಗಂಗಮ್ಮ ಬಾಗಿಲಿಗೆ ಬಂದು ಸೆರಗಿನಿಂದ ಕೈ ಒರೆಸಿಕೊಂಡರು. "ಒಂದ್ ಲೋಟ ನೀರು ಕುಡ್ದಿದೀಯಾ ಇಲ್ಲಿ?"

ಮಾತಿನಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ರಕ್ಷಾ ತನ್ನ ಕೈಯ ಬಾಟಲನ್ನು ನೋಡಿಕೊಂಡಳು. ದಿನವಿಡೀ ಹಸಿ ಮಾಂಸ ಕೊಯ್ಯುವವಳಿಗೆ ಈ ಬಾಟಲ್ ಯಾಕೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ನೀಲಮ್ಮ ಕೊಟ್ಟು ಕಳಿಸುತ್ತಿದ್ದರು, ಇವಳು ಹಿಡಿದು ಬರುತ್ತಿದ್ದಳು. ಹಬ್ಬ ಬಂದರೆ ಮೇಲಿನಿಂದ ಹೋಳಿಗೆ ಇಳಿಯುತ್ತದೆ, ಶೇಂಗಾ ಚಟ್ನಿಪುಡಿ ಇಳಿಯುತ್ತದೆ. ಕೆಳಗಿನಿಂದ ತೊಳೆದ ಡಬ್ಬಿ ಮೇಲೆ ಹೋಗುತ್ತದೆ. ಬರಿದಾಗಿ ಕಳಿಸಬಾರದೆಂದು ಚಿಕ್ಕಗಂಗಮ್ಮ ಅದರೊಳಗೆ ನಾಲ್ಕು ಕಾಳು ಸಕ್ಕರೆ ಹಾಕುತ್ತಾರೆ. ಆ ಸಕ್ಕರೆ ಮೇಲೆ ಹೋಗಿ ಏನಾಗುತ್ತಿತ್ತೋ ನಾನು ಕೇಳಲು ಹೋಗಿಲ್ಲ.

ರಕ್ಷಾ ಅಂದೇ ತಾಯಿಯ ಹತ್ತಿರ ಮಾತು ತೆಗೆದಳು. ಮರುದಿನ ನನ್ನ ಮನೆಗೆ ಬಂದು ಎಲ್ಲ ಹೇಳಿದಳು.

"ನಿನ್ನ ಓದಿಗೆ ನಾ ಎಂದರ ಅಡ್ಡ ಬಂದೇನೇನು?" ಎಂದಿದ್ದರು ನೀಲಮ್ಮ. "ಮಂದಿ ಏನೇನೋ ಅಂದ್ರು, ಎಲ್ಲಾ ಕೇಳಿಸಿಕೊಂಡೆ. ಶುಂಠಿ ಹಿಂಡಿ ಕೊಡಾಕತ್ತೀನಿ. ಅವ್ರ ಪಾತ್ರಿಯೊಳಗ ಉಣ್ಣೋದು ಒಂದು ಬ್ಯಾಡವಾ."

ತಾಯಿಯ ಮಾತಿಗಿಂತ ಅವಳನ್ನು ಕೊರೆಯುತ್ತಿದ್ದದ್ದು ಇನ್ನೊಂದು. "ಆಂಟಿ, ಸರಿಯಾದ ಮಾರ್ಕು ಬರ್ಲಿ ಅಂತ ಹೋಗಿ ಊಟ ಮಾಡಿದ್ರೆ ಅದು ಊಟನಾ, ಲಂಚನಾ?"

ಅಂಥ ಪ್ರಶ್ನೆ ಕೇಳಿಕೊಳ್ಳುವ ಹುಡುಗಿಯ ಮೇಲೆ ನನ್ನ ಗೌರವ ಹೆಚ್ಚಿತು, ಅದನ್ನು ಅವಳಿಗೆ ಹೇಳಿಯೂ ಹೇಳಿದೆ. ಅವಳು ಎರಡನೇ ರುಚಿ ನೋಡುವಿಕೆಯನ್ನೇ ಬೇಡವೆಂದು ತೀರ್ಮಾನಿಸಿ, ಹೇಳಿಬರಲು ಸೋಮವಾರ ಸಂಜೆ ಕೆಳಗಿಳಿದಳು. ಜೊತೆಗೆ ನಾನೂ ಹೋದೆ.

ಸೋಮವಾರ ಆ ಮನೆಯಲ್ಲಿ ಬಾಡು ಮಾಡುವುದಿಲ್ಲ. ಅವರೆಕಾಯಿ ಕಾಲ ಇನ್ನೂ ಮುಗಿದಿರಲಿಲ್ಲ. ಹಿತಕಿದ ಬೇಳೆ ಸಾರಿನ ಘಮ ಗೇಟಿನವರೆಗೆ ಬಂದಿತ್ತು. ಶಶಿಕಲಾ ಮುದ್ದೆ ಕಟ್ಟುತ್ತಿದ್ದಳು. ಚಿಕ್ಕಗಂಗಮ್ಮ ನನಗೆ ತಟ್ಟೆ ಹಾಕಿದರು, ರಕ್ಷಾಗೆ ಕುರ್ಚಿ ತೋರಿಸಿದರು. ಊಟ ಮಾಡ್ತೀಯಾ ಎಂದು ಕೇಳಲಿಲ್ಲ. ಕೇಳಿ ಕೇಳಿ ಇಲ್ಲ ಅನ್ನಿಸಿಕೊಂಡವರು ಎಷ್ಟು ದಿನ ಕೇಳುತ್ತಾರೆ? ರಕ್ಷಾ ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ನಿಂತು ಬಂದಿದ್ದಳು. ಹೇಳಬೇಕೆಂದು ಬಂದ ಮಾತನ್ನು ಬಿಟ್ಟು, ಚಾಪೆಯ ಮೇಲೆ ನನ್ನ ಪಕ್ಕ ಕುಳಿತಳು.

"ಅಜ್ಜಿ, ನನಗೂ ಒಂದು ಮುದ್ದೆ ಹಾಕಿ. ಹೊಟ್ಟೆ ಹಸೀತಿದೆ."

ಚಿಕ್ಕಗಂಗಮ್ಮ ಅವಳ ಮುಖವನ್ನು ನೋಡಿದರು. ಆಮೇಲೆ ತಮ್ಮ ಊಟದ ತಟ್ಟೆಯನ್ನೇ ತೊಳೆದು ಅವಳ ಮುಂದಿಟ್ಟರು. ಜೋಳದ ರೊಟ್ಟಿಯ ಮನೆಯ ಹುಡುಗಿ, ಮುದ್ದೆ ಮುರಿದು ಬಾಯಿಗಿಟ್ಟು ಚೆನ್ನಾಗಿ ಅಗಿಯತೊಡಗಿದಳು. ಅದು ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ತೆರೆಯಲಾಗದೆ ಕಣ್ಣು ಬಿಟ್ಟಳು.

"ಅಯ್ಯೋ ನಿನ್ನ, ಅಗೀಬಾರ್ದು ಕಣೇ, ನುಂಗು!" ಚಿಕ್ಕಗಂಗಮ್ಮ ತಲೆಗೆ ಮೊಟಕಿಯೇಬಿಟ್ಟರು. "ಪಿಎಚ್ಡಿ ಓದ್ತಾವ್ಳಂತೆ, ಮುದ್ದೆ ಉಣ್ಣಕ್ ಬರಲ್ಲ!"

ನಾನು ನಕ್ಕು ನಕ್ಕು ಕೆಮ್ಮಿದೆ. ಮೊಟಕಿಸಿಕೊಂಡ ರಕ್ಷಾಳ ಕಣ್ಣಲ್ಲಿ ನೀರಿತ್ತು, ಮುದ್ದೆಯದೇ ಇರಬೇಕು ಎಂದು ನಾನು ಸುಮ್ಮನಾದೆ. ಬೇಡವೆಂದು ಹೇಳಲು ಬಂದವಳು ಹೇಳದೆಯೇ ಮೇಲೆ ಹೋದಳು. ತಾಯಿಗೆ ಮುಚ್ಚಿಡಲಿಲ್ಲ. ನೀಲಮ್ಮ ಎರಡು ದಿನ ಅವಳೊಂದಿಗೆ ಮಾತು ಬಿಟ್ಟರು. ಆದರೆ ಶನಿವಾರ ಶುಂಠಿ ಬಾಟಲಿ ಮಾತ್ರ ಬಾಗಿಲ ಬಳಿ ಸಿದ್ಧವಾಗಿತ್ತು.

ಭಾನುವಾರ ಮತ್ತೆ ಅದೇ ನಡುಮನೆ, ಅದೇ ಜನ, ನಂಬರ್ ಹಚ್ಚಿದ ಮೂರು ತಟ್ಟೆ. ಯಾವುದರಲ್ಲಿ ಏನಿದೆ ಎಂದು ರಕ್ಷಾ ಒಬ್ಬಳಿಗೇ ಗೊತ್ತು. ಚಿಕ್ಕಗಂಗಮ್ಮ ಮೊದಲನೆಯದನ್ನು ಬಾಯಿಂದ ತೆಗೆದರು, ಈ ಸಲ ಎಲ್ಲರೆದುರೇ. "ಎರಡು. ಇದನ್ನ ನಾಯಿಗಾಕು." ಎರಡನೇ ತಟ್ಟೆಯ ತುಂಡನ್ನು ಮೆಲ್ಲಗೆ ಅಗಿದರು, ಅಗಿದು ಅಗಿದು ನುಂಗಿದರು. ರಕ್ಷಾ ಉಸಿರು ಬಿಗಿಹಿಡಿದಿದ್ದನ್ನು ನೋಡಿ ಅದೇ ಶುಂಠಿಯದೆಂದು ನನಗೆ ಗೊತ್ತಾಯಿತು. ಹಲ್ಲು ಕಟ್ಟಿಸಿಕೊಂಡ ಮೇಲೆ ಆ ಮುದುಕಿ ಒಂದು ತುಂಡನ್ನು ಪೂರ್ತಿ ಅಗಿದು ತಿಂದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಎಷ್ಟು ಬರೀಲಿ?" ಎಂದೆ.

"ಒಂದು."

ಪೆನ್ನು ನನ್ನ ಕೈಯಲ್ಲೇ ನಿಂತಿತು. "ನುಂಗಿದ್ರಲ್ಲ?"

"ಹಲ್ಲಿಗೆ ಸಿಕ್ತು, ಅದು ನಿಜ. ನಾಲ್ಗೆಗೆ ಸಿಕ್ಕಿಲ್ಲ. ಬರೀ ಶುಂಠಿ ನಾತ, ಕಷಾಯ ಕುಡ್ದಂಗಾಯ್ತು. ಮೆತ್ಗಿರೋದೆಲ್ಲ ಬಾಡಾ? ಏನೇ ರಕ್ಷಾ, ಇಷ್ಟ್ ಓದಿ ಇಷ್ಟು ಗೊತ್ತಾಗಲ್ವಾ ನಿಂಗೆ?"

"ನಂಗೂ ಹಂಗೇ ಅನ್ಸಿತ್ತು, ಹೇಳಕ್ಕೆ ಸಂಕೋಚ," ಎಂದು ಗೂಳಪ್ಪ ತಮ್ಮ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಒಬ್ಬರ ಮಾತು ಕೇಳಿ ಇನ್ನೊಬ್ಬರು ಮಾರ್ಕು ಬದಲಿಸುವಂತಿಲ್ಲವಂತೆ; ಹಾಗಾಗಿ ಆ ದಿನದ್ದೂ ಲೆಕ್ಕಕ್ಕೆ ಬರಲಿಲ್ಲ, ಎಲ್ಲವನ್ನೂ ಇನ್ನೊಮ್ಮೆ ಮಾಡಬೇಕು. ಆದರೂ ನನ್ನ ಮೂವತ್ತು ವರ್ಷದಲ್ಲಿ ಯಾರ ಮಾರ್ಕನ್ನೂ ಅಷ್ಟು ಸಂತೋಷದಿಂದ ಹೊಡೆದು ಹಾಕಿರಲಿಲ್ಲ.

ರಕ್ಷಾ ನಗಲು ಹೋಗಿ ಅತ್ತು, ಮುಖ ತೊಳೆದು ಬರುತ್ತೇನೆಂದು ಮೇಲೆ ಓಡಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲಿಳಿದು ಬಂದವರು ನೀಲಮ್ಮ. ಅಷ್ಟು ವರ್ಷದಲ್ಲಿ ಅವರು ಆ ಹೊಸಿಲು ದಾಟಿ ಒಳಗೆ ಬಂದದ್ದನ್ನು ನಾನು ನೋಡಿರಲಿಲ್ಲ. ನಡುಮನೆಯೆಲ್ಲ ಮಟನ್ ವಾಸನೆ. ಅವರಿಗೆ ಅದು ಮೂಗಿಗೆ ಬಿದ್ದಂತೆಯೇ ಕಾಣಲಿಲ್ಲ.

"ಏನ್ರೀ ಚಿಕ್ಕಗಂಗಮ್ಮ, ನನ್ನ ಮಗಳು ಎರಡು ವರ್ಷ ನಿದ್ದಿಗೆಟ್ಟು ಮಾಡ್ಯಾಳ. ಒಂದು ಮಾರ್ಕು ಕೊಡ್ತೀರೇನು? ಒಂದ?"

ಕೋಪಕ್ಕೆ ಅವರ ಎದೆ ಏರಿಳಿಯುತ್ತಿತ್ತು. ಚಿಕ್ಕಗಂಗಮ್ಮ ಎದ್ದು ಒಳಗೆ ಹೋಗಿ ಒಂದು ಲೋಟ ತಂದರು.

"ಕೂತ್ಕಳಿ ನೀಲಮ್ನೋರೆ. ಮೊದ್ಲು ಒಂದ್ ಗುಟುಕು ನೀರು ಕುಡೀರಿ. ಚೆನ್ನಾಗಿಲ್ದಿದ್ನ ಚೆನ್ನಾಗದೆ ಅಂತ ನಮ್ಮ ಮಗೀಗೆ ಹೆಂಗೇಳನ?"

ನೀಲಮ್ಮ ಲೋಟ ತೆಗೆದುಕೊಂಡು ಗಟಗಟ ಕುಡಿದರು. ಕುಡಿದು ಮುಗಿದ ಮೇಲೆ ಲೋಟವನ್ನು ನೋಡಿದರು, ಹಿಂದೆಯೇ ಇಳಿದು ಬಂದು ಬಾಗಿಲಲ್ಲಿ ನಿಂತಿದ್ದ ಮಗಳನ್ನು ನೋಡಿದರು. ಅವರು ಲೋಟವನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಚಾಪೆಯ ಮೇಲೆ ಕುಳಿತರು.

"ಶುಂಠಿ ನಾ ಹಿಂಡಿದ್ದು," ಎಂದರು. "ಮುಂದಿನ ಸಲ ಕಡಿಮಿ ಹಿಂಡ್ತೀನಿ. ತಿಂದು ನೋಡಿ ಖರೇ ಹೇಳ್ರಿ."